ವಿಳಾಸ ಹೇಳುವ ಚಟ

ನನಗೆ ಗುಟ್ಟು ಕಾಪಾಡುವುದು ಬರುತ್ತದೆ, ವಿಳಾಸ ಕಾಪಾಡುವುದು ಬರುವುದಿಲ್ಲ. ಎರಡೂ ಒಂದೇ ಎಂದು ಗೊತ್ತಾಗಲು ಅರವತ್ತಾರು ವರ್ಷ ಹಿಡಿಯಿತು. ಗೊತ್ತಾದದ್ದು ಬಿಸಿಲಲ್ಲಿ ಓಡುವಾಗ, ಎಡ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಾಗ.

ಮೂವತ್ತು ವರ್ಷ ಅಂಚೆಯವನಾಗಿದ್ದೆ. ಚಿಂಚೋಳಿಯಲ್ಲಿ ಶುರು, ಆಮೇಲೆ ಸೇಡಂ, ಚಿತ್ತಾಪುರ, ವಾಡಿ, ಕೊನೆಗೆ ಶಹಾಬಾದ. ಲಕೋಟೆಯ ಒಳಗಿನದನ್ನು ಒಮ್ಮೆಯೂ ಇಣುಕಿ ನೋಡಿದವನಲ್ಲ. ಕಾರ್ಡು ಬಂದರೆ ಕೂಡ ಅಡಿಮೇಲು ಮಾಡಿ ಹಿಡಿಯುತ್ತಿದ್ದೆ. ಆದರೆ ಲಕೋಟೆಯ ಹೊರಗೆ ಬರೆದದ್ದು ಊರಿನ ಸೊತ್ತು ಎಂಬುದು ನನ್ನ ಸಿದ್ಧಾಂತವಾಗಿತ್ತು. ಮುಚ್ಚಿಡುವಂಥದ್ದಾಗಿದ್ದರೆ ಹೊರಗೆ ಯಾಕೆ ಬರೆಯುತ್ತಿದ್ದರು? ಒಮ್ಮೆ ‘ಮಲ್ಲಪ್ಪ, ಹುಣಸಿಗಿಡದ ಬಾಜು, ಚಿಮ್ಮನಚೋಡ’ ಎಂದಷ್ಟೇ ಬರೆದ ಕಾಗದ ಬಂದಿತ್ತು. ಆ ಊರಿನಲ್ಲಿ ಮಲ್ಲಪ್ಪಂದಿರು ನಾಲ್ವರು, ಹುಣಸೆಮರಗಳನ್ನು ಎಣಿಸಿದವರಿಲ್ಲ. ಸಂಜೆಯೊಳಗೆ ಸರಿಯಾದ ಮಲ್ಲಪ್ಪನ ಕೈಗೆ ಕಾಗದ ಕೊಟ್ಟೆ. ಆ ಕಥೆಯನ್ನು ಹೆಂಡತಿ ಶಾಂತಮ್ಮ ಎಷ್ಟು ಸಲ ಕೇಳಿದ್ದಾಳೆಂದರೆ, ನಾನು ‘ಮಲ್ಲಪ್ಪ’ ಎನ್ನುತ್ತಲೇ ಎದ್ದು ಒಳಗೆ ಹೋಗುತ್ತಾಳೆ.

ತಪ್ಪು ನನ್ನೊಬ್ಬನದಲ್ಲ. ನಮ್ಮ ಕಡೆ ದಾರಿಯನ್ನು ಬಾಯಲ್ಲಿ ಹೇಳಿ ಬಿಡುವ ಪದ್ಧತಿ ಇಲ್ಲ. ಮನೆತನಕ ಹೋಗಿ ಮುಟ್ಟಿಸಿ ಬರಬೇಕು. ಗಿರಾಕಿಯ ಅರ್ಧ ಗದ್ದಕ್ಕೆ ಸೋಪು ಹಚ್ಚಿಟ್ಟು, ಕೇಳಿದವರ ಜೊತೆ ಎರಡು ಓಣಿ ನಡೆದು ಬಂದ ಹಜಾಮರನ್ನು ನಾನು ಬಲ್ಲೆ. ಆ ಗಿರಾಕಿಗೂ ಬೇಜಾರಾಗುವುದಿಲ್ಲ, ಯಾರ ಮನೆ ಕೇಳಿದರೆಂದು ವಿಚಾರಿಸುತ್ತಾನೆ. ನಿವೃತ್ತನಾದ ಮೇಲೆ ನಾನಂತೂ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಕುಳಿತು, ಕೇಳಿದವರಿಗೂ ಕೇಳದವರಿಗೂ ದಾರಿ ತೋರಿಸುತ್ತಿದ್ದೆ.

ಹೋದ ವರ್ಷ ನಮ್ಮ ಮನೆಯ ಹಿಂದಿನ ಎರಡು ಖೋಲಿಗೆ ಸುಮಿತ್ರಾ ಎಂಬ ಹೆಣ್ಣುಮಗಳು ಬಾಡಿಗೆಗೆ ಬಂದಳು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಸಾಮಾನು ಕಡಿಮೆ, ಮಾತು ಇನ್ನೂ ಕಡಿಮೆ. ಒಂದು ನೀಲಿ ಸ್ಕೂಟರ್. ಅದರ ಕಾಗದದಲ್ಲಿ ಹಳೆಯ ವಿಳಾಸವೇ ಇತ್ತು. ವಿಳಾಸ ತಪ್ಪಿದ್ದರೆ ನನಗೆ ಊಟ ಸೇರುವುದಿಲ್ಲ. ಬದಲಿಸು, ತಿಂಗಳೊಳಗೆ ತಿಳಿಸಬೇಕೆಂದು ಕಾಯ್ದೆಯೇ ಇದೆ ಎಂದು ಬೆನ್ನು ಹತ್ತಿದೆ. ಅವಳು ಕೇಳಿದಳು, “ಆ ಪತ್ತಾ ಯಾರಿಗರ ಕಾಣ್ತದೇನ್ರಿ ಕಾಕಾ?”

ನಾನು ನಕ್ಕೆ. ಮೊಬೈಲಿನಲ್ಲಿ ಅವಳ ಗಾಡಿಯ ನಂಬರ್ ಹಾಕಿ ತೋರಿಸಿದೆ. ಯಾವ ಕಂಪನಿಯ ಗಾಡಿ, ಯಾವ ಆಫೀಸಿನ ನೋಂದಣಿ ಎಲ್ಲ ಬಂತು. ಹೆಸರಿನ ಜಾಗದಲ್ಲಿ ಒಂದೆರಡು ಅಕ್ಷರ, ಮಿಕ್ಕಿದ್ದೆಲ್ಲ ಚುಕ್ಕಿ. ವಿಳಾಸವಂತೂ ಇಲ್ಲವೇ ಇಲ್ಲ. ಪೊಲೀಸರು ಕೇಳಿದರೆ ಕೊಡುತ್ತಾರೆ, ಕೋರ್ಟು ಕೇಳಿದರೆ ಕೊಡುತ್ತಾರೆ, ಅಪಘಾತವಾದರೆ ವಿಮೆಯವರಿಗೆ ಸಿಗುತ್ತದೆ, ಹಾದಿಹೋಕರಿಗಲ್ಲ ಎಂದು ದೊಡ್ಡ ವಕೀಲನ ಹಾಗೆ ವಿವರಿಸಿದೆ. “ಬೇಫಿಕರ್ ಇರು ಮಗಳ, ನಾ ಅದೀನಲ್ಲ” ಎಂದೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಶಾಂತಮ್ಮ ನನ್ನತ್ತ ಒಂದು ನೋಟ ಬೀರಿದಳು. ಅದು ಹೆಮ್ಮೆಯ ನೋಟವೆಂದು ಆಗ ತಿಳಿದಿದ್ದೆ. ಆ ವಾರವೇ ಸುಮಿತ್ರಾ ನಮ್ಮ ಮನೆಯ ವಿಳಾಸ ಕೊಟ್ಟು ಅರ್ಜಿ ಹಾಕಿದಳು.

ಎರಡು ವಾರದ ಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ, ಚಹಾದಂಗಡಿಯ ಮುಂದೆ ಒಬ್ಬ ಮೋಟಾರ್‌ಸೈಕಲ್ ನಿಲ್ಲಿಸಿದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಕೈಚೀಲದಲ್ಲಿ ಲಗ್ನಪತ್ರಿಕೆಗಳು. ಮೊಬೈಲ್ ಮುಂದೆ ಹಿಡಿದ. ಅದೇ ನೀಲಿ ಸ್ಕೂಟರ್, ಅದೇ ನಂಬರ್, ಅದೇ ಚುಕ್ಕಿಗಳು. “ನಮ್ಮ ಸಂಬಂಧಿಕರ ಗಾಡಿ ನೋಡ್ರಿ. ಈ ಊರಾಗ ನೋಡೀವಿ ಅಂತ ಒಬ್ಬರು ಹೇಳಿದ್ರು. ಪತ್ರಿಕಿ ಕೈಯಾರೆ ಕೊಡಬೇಕು, ಮನಿ ಗೊತ್ತಿಲ್ಲ” ಎಂದ.

ಪತ್ರಿಕೆಯನ್ನು ಕೈಯಾರೆ ಕೊಡುವವನೆಂದರೆ ನನ್ನ ಕುಲದವನೇ. ಸರ್ಕಾರ ಚುಕ್ಕಿ ಇಟ್ಟು ಮುಚ್ಚಿದ್ದನ್ನೆಲ್ಲ ನಾನು ಒಂದೇ ಉಸಿರಿಗೆ ಬಿಚ್ಚಿಟ್ಟೆ. “ಸುಮಿತ್ರಾ ಅಲ್ಲೇನು? ನಮ್ಮ ಮನ್ಯಾಗೇ ಅದಾಳ್ರಿ! ನಾ ಪೋಸ್ಟಮನ್. ಬರ್ರಿ, ತೋರಸ್ತೀನಿ.” ಹಿಂದೆ ಕೂಡಲು ಹೇಳಿದ. ನಾನು ದಾರಿ ತೋರಿಸುವುದು ನಡೆದೇ ಎಂದೆ. ಅವನು ಗಾಡಿ ತಳ್ಳುತ್ತ ಪಕ್ಕದಲ್ಲಿ ಬಂದ.

ನಾನು ಮಲ್ಲಪ್ಪನ ಕಥೆ ಶುರು ಮಾಡಿದ್ದೆ. ಅವನು ನಡುವೆ ಬಾಯಿ ಹಾಕಿ, ಅವಳು ಡ್ಯೂಟಿಯಿಂದ ಎಷ್ಟಕ್ಕೆ ಬರುತ್ತಾಳೆ ಎಂದ. ಇವತ್ತು ರಜೆ, ಮನೆಯಲ್ಲೇ ಇದ್ದಾಳೆ ಎಂದೆ. ಒಬ್ಬಳೇ ಏನು ಎಂದ. ಹೌದೆಂದೆ. ನೆಲಕ್ಕೆ ಹಾಸುವ ಪರಸಿಕಲ್ಲು ಒಟ್ಟಿದ ಅಂಗಳಗಳನ್ನು ದಾಟುವಾಗ ಮತ್ತೆ ಕೇಳಿದ, “ಖೋಲಿಗಿ ಹಿಂದಿನ ಬಾಗಲಾ ಅದ ಏನ್ರಿ?”

ಮೂವತ್ತು ವರ್ಷದಲ್ಲಿ ಸಾವಿರಾರು ಮನೆಗಳಿಗೆ ಕೊಡಲು ಹೋಗಿದ್ದೇನೆ, ಹಿಂದಿನ ಬಾಗಿಲು ಎಲ್ಲಿದೆ ಎಂದು ಎಂದೂ ಕೇಳಿಲ್ಲ. ಕೊಡಲು ಬಂದವನಿಗೆ ಅದು ಬೇಕಾಗುವುದಿಲ್ಲ. ಅವಳ ‘ಯಾರಿಗರ ಕಾಣ್ತದೇನ್ರಿ’ ನೆನಪಾಯಿತು, ಶಾಂತಮ್ಮನ ನೋಟ ನೆನಪಾಯಿತು. ಎಡಕ್ಕೆ ಹೊರಳಿದರೆ ನಮ್ಮ ಓಣಿ. ನಾನು ಬಲಕ್ಕೆ ಹೊರಳಿದೆ.

ಏನೇನು ಮಾತಾಡಿದೆನೋ ದೇವರೇ ಬಲ್ಲ. ಬಾಯಿ ತನ್ನಷ್ಟಕ್ಕೆ ಮಲ್ಲಪ್ಪನನ್ನು ಹುಡುಕುತ್ತಿತ್ತು, ಕಾಲು ಪೊಲೀಸ್ ಠಾಣೆಯನ್ನು ಹುಡುಕುತ್ತಿತ್ತು. ಅದರ ಗೇಟಿನ ಮುಂದೆ ನಿಂತು ಹೇಳಿದೆ, “ಗಾಡಿ ನಂಬರ್ ಮ್ಯಾಲ ಪತ್ತಾ ಕೇಳೋರು ಇಲ್ಲಿ ಕೇಳಬೇಕ್ರಿ. ಒಳಗ ಹೋಗ್ರಿ, ಯಾಕ ಬೇಕು ಅಂತ ಬರಕೊಡ್ರಿ.”

ಅವನು ಬೋರ್ಡು ನೋಡಿದ, ನನ್ನನ್ನು ನೋಡಿದ, ನಕ್ಕ. “ಪೋಸ್ಟಮನ್ ಮನಿ ಯಾರರ ತೋರಸ್ತಾರ ಬಿಡ್ರಿ” ಎಂದವನೇ ಗಾಡಿ ಒದ್ದು ಹೋದ.

ಅವನು ಹೇಳಿದ್ದು ಖರೆ. ಇಡೀ ಶಹಾಬಾದದಲ್ಲಿ ಎಲ್ಲರಿಗೂ ಗೊತ್ತಿರುವ ಮನೆ ಯಾವುದಾದರೂ ಇದ್ದರೆ ಅದು ನನ್ನದು. ನನ್ನ ಜೀವಮಾನದ ಹೆಮ್ಮೆ ಅದು. ಶಾಂತಮ್ಮನಿಗೆ ಫೋನ್ ಮಾಡಿ ತೊದಲಿದೆ. ಅವಳು “ಹೂಂ” ಎಂದಷ್ಟೇ ಹೇಳಿ ಇಟ್ಟಳು. ಠಾಣೆಯೊಳಗಿದ್ದ ಕಾನ್‌ಸ್ಟೇಬಲ್‌ಗೆ ಅರ್ಧಂಬರ್ಧ ಹೇಳಿ, ಅವನು ಬರುವತನಕ ಕಾಯಲಾರದೆ ಓಡಿದೆ. ಪಾನ್ ಅಂಗಡಿಯ ಬಾಬಾಭಾಯಿ ಖುಷಿಯಿಂದ ಕೂಗಿದ, “ಕಾಕಾ, ನಿಮ್ಮ ಮನಿಗಿ ಬೀಗರು ಬಂದಾರ! ಓಣಿ ತನಕ ಹೋಗಿ ಬಿಟ್ಟು ಬಂದೀನಿ!” ಪಾಪ, ಅವನಿಗೆ ಈ ಪಾಠ ಕಲಿಸಿದವನು ನಾನೇ. ಅಷ್ಟರಲ್ಲಿ ಕಾನ್‌ಸ್ಟೇಬಲ್ ಹಿಂದಿನಿಂದ ಬಂದು ಗಾಡಿಯ ಮೇಲೆ ಹತ್ತಿಸಿಕೊಂಡ.

ಲಗ್ನಪತ್ರಿಕೆಯವನು ನಮ್ಮ ಅಂಗಳದಲ್ಲಿದ್ದ. ಶಾಂತಮ್ಮ ಹೊಸ್ತಿಲಿಗೆ ಅಡ್ಡ ಕುಳಿತು ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತದೆ. “ಇಲ್ಲಿ ಯಾರೂ ಇಲ್ಲ. ನಮ್ಮವರಿಗಿ ವಯಸ್ಸಾಗ್ಯದ, ಯಾರ ಹೆಸರು ಹೇಳಿದ್ರೂ ನಮ್ಮ ಮನ್ಯಾಗ ಅದಾರ ಅಂತಾರ” ಎನ್ನುತ್ತಿದ್ದಳು. ಆ ಮಾತಿಗೆ ಇಂದಿಗೂ ನನಗೆ ಸಿಟ್ಟಿಲ್ಲ. ಸ್ಕೂಟರ್ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದೆ. ಬೇವಿನ ಮರದ ಕೆಳಗೆ, ಅವನಿಂದ ನಾಲ್ಕೇ ಮಾರು ದೂರದಲ್ಲಿ, ದೊಡ್ಡದೊಂದು ಹಸಿ ಕೌದಿ ನೀರು ಸೋರಿಸುತ್ತ ಒಣಗುತ್ತಿತ್ತು. ಅದರ ಕೆಳಗೆ ಏನಿದೆಯೆಂದು ಗೊತ್ತಿದ್ದವರಿಗೆ ಮಾತ್ರ ಗೊತ್ತಿತ್ತು.

ಖಾಕಿ ಕಂಡು ಅವನು ಗಾಡಿ ಹತ್ತಿದ. ಕಾನ್‌ಸ್ಟೇಬಲ್ ಬೆನ್ನು ಹತ್ತಲಿಲ್ಲ. ಅಂಗೈ ಮೇಲೆ ನಂಬರ್ ಬರೆದುಕೊಂಡ. “ಹೋಗ್ಲಿ ಬಿಡ್ರಿ. ಇವನ ಪತ್ತಾ ನಮಗ ಸಿಗ್ತದ” ಎಂದ.

ಆಮೇಲೆ ಶಾಂತಮ್ಮ ಹೇಳಿದಳು. ಅವನು ಸುಮಿತ್ರಾಳ ಗಂಡ. ಎರಡು ಸಲ ಅವಳ ಕೈ ಮುರಿದವನು. ಇದು ಶಾಂತಮ್ಮನಿಗೆ ಮೊದಲ ದಿನದಿಂದ ಗೊತ್ತಿತ್ತು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ. ಒಳಗೆ ಅಡಗಿದ್ದ ಸುಮಿತ್ರಾ ಹೊರಗೆ ಬಂದು ಬೈಯಲಿಲ್ಲ. ಸಾಮಾನು ಕಟ್ಟುತ್ತ ನನ್ನ ಮೊಣಕಾಲಿಗೆ ಹಚ್ಚಲು ಎಣ್ಣೆ ಕೊಟ್ಟಳು. ನಾನು ಅತ್ತೆ, ಹೇಳಿಬಿಡುತ್ತೇನೆ. ಮರುದಿನ ಟೆಂಪೋ ಬಂದಾಗ, ಯಾವ ಊರಿಗೆ ಎಂದು ಕೇಳಬಾರದೆಂದು ನಾನು ಸ್ನಾನದ ಮನೆಗೆ ಹೋಗಿ, ನೀರು ಬಿಟ್ಟುಕೊಂಡು ಕುಳಿತೆ.

ತಿಂಗಳಾದ ಮೇಲೆ ಹೊಸ ಪೋಸ್ಟಮನ್ ಬಂದ. ಕೈಯಲ್ಲಿ ಸುಮಿತ್ರಾಳ ಹೆಸರಿನ ಲಕೋಟೆ. ಮುಟ್ಟಿದರೆ ಒಳಗೆ ಗಟ್ಟಿ ಕಾರ್ಡು, ನನ್ನ ಮನೆಯ ವಿಳಾಸ ಹೊತ್ತ ಅವಳ ಗಾಡಿಯ ಕಾಗದ. ಅವಳಿಲ್ಲ ಎಂದೆ. “ಎಲ್ಲಿಗಿ ಹೋಗ್ಯಾರ? ನಿಮಗ ಮಾಲೂಮ್ ಇಲ್ಲದ ಪತ್ತಾ ಅದ ಏನ್ರಿ ಕಾಕಾ?” ಎಂದು ನಕ್ಕ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಾಂತಮ್ಮನಿಗೆ ಗೊತ್ತಿದೆ ಎಂದು ನನಗೆ ಗೊತ್ತು. ನಾನು ಕೇಳಿಲ್ಲ.

ಅವನ ಪೆನ್ನು ಇಸಿದುಕೊಂಡು ಲಕೋಟೆಯ ಮೇಲೆ ನಾನೇ ಬರೆದೆ: ‘ಬಿಟ್ಟು ಹೋಗಿದ್ದಾರೆ. ಹೊಸ ವಿಳಾಸ ತಿಳಿದಿಲ್ಲ.’ ಮೂವತ್ತು ವರ್ಷದ ನೌಕರಿಯಲ್ಲಿ ಈ ಸಾಲನ್ನು ಒಮ್ಮೆಯೂ ಬರೆದವನಲ್ಲ, ಬರೆದವರನ್ನು ಕೈಲಾಗದವರೆಂದು ಆಡಿಕೊಂಡವನು. ಅಕ್ಷರಗಳು ದುಂಡಗೆ ಬಂದಿದ್ದವು. ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.