ಗುಳ್ಳೆ ಕಾಯುವ ಕೆಲಸ

“ಮಾಸ್ತರ್ರೀ, ಈ ಕೆಲಸ ಭಾಳ ಜವಾಬ್ದಾರೀದು. ನೀವೇ ಮಾಡಬೇಕ್ರಿ,” ಎಂದು ಗೌಂಡಿ ಬಸಣ್ಣ ನನ್ನ ಕುರ್ಚಿಯನ್ನು ಎತ್ತಿ ನೀರಿನ ತೊಟ್ಟಿಯ ಪಕ್ಕಕ್ಕೆ ಇಟ್ಟ.

ಅಫಜಲಪುರದಲ್ಲಿ ನಮ್ಮ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸುತ್ತಿದ್ದೆ. ಹಿಂದಿನ ದಿನವೆಲ್ಲ ಬಸಣ್ಣನ ಬೆನ್ನಿಗೇ ನಿಂತು, ‘ಇದು ಸೊಟ್ಟ, ಅದು ದಪ್ಪ’ ಎನ್ನುತ್ತ ಮೇಲ್ವಿಚಾರಣೆ ನಡೆಸಿದ್ದೆ. ಗೋಡೆ ಮೊಣಕಾಲಿನಿಂದ ಮೇಲೆ ಏಳಲಿಲ್ಲ.

ಹೊಸ ಕೆಲಸವೇನೆಂದರೆ, ತೊಟ್ಟಿಯಲ್ಲಿ ಮುಳುಗಿಸಿದ ಇಟ್ಟಿಗೆಯಿಂದ ಗುಳ್ಳೆ ಬರುವುದು ನಿಂತ ಮೇಲೆ ಅದನ್ನು ತೆಗೆದು ಕೊಡಬೇಕು. ಒಣ ಇಟ್ಟಿಗೆ ಸಿಮೆಂಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ ಎಂಬುದು ನನಗೆ ಅಂದೇ ತಿಳಿದದ್ದು. ಕಣ್ಣು ಮಿಟುಕಿಸದೆ ಕಾದೆ. ಹೆಂಡತಿ ಚಹಾಕ್ಕೆ ಕೂಗಿದರೂ, “ತಡಿ, ಗುಳ್ಳಿ ಇನ್ನೂ ಬರಾಕತ್ತಾವ,” ಎಂದೆ. ಸಂಜೆ ತಲೆ ಎತ್ತಿ ನೋಡಿದರೆ ಗೋಡೆ ನನ್ನ ಎದೆಮಟ್ಟ ದಾಟಿತ್ತು!

ಇಟ್ಟಿಗೆ ಹೊರುವ ನಾಗಮ್ಮನ ಮುಂದೆ, “ನೋಡವ್ವಾ, ನಾ ಕೈ ಹಚ್ಚಿದ ಮ್ಯಾಲ ಕೆಲಸ ಹ್ಯಾಂಗ ಓಡ್ತು!” ಎಂದು ಬೀಗಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಹೌದ್ರಿ ಮಾಸ್ತರ್ರೀ. ಭಾಳ ಮಾತಾಡೋ ಮಾಲಕರಿಗೆಲ್ಲಾ ಬಸಣ್ಣ ಇದೇ ಕೆಲಸ ಕೊಡ್ತಾನ್ರಿ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದ ಅಷ್ಟೂ ವರ್ಷ, ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುವ ಹುಡುಗನನ್ನೇ ನಾನು ಮಾನಿಟರ್ ಮಾಡುತ್ತಿದ್ದೆ. ಮರುದಿನ ಬೆಳಿಗ್ಗೆ ಯಾರೂ ಹೇಳುವ ಮೊದಲೇ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡೆ.