ಬೆಟ್ಟಕ್ಕೆ ಬೇಗ ಸಂಜೆಯಾದ ದಿನ

ಗುಡಿ ಹೊಕ್ಕ ಕೂಡಲೇ ಚಿಕ್ಕಂದಿನ ಅಭ್ಯಾಸದಂತೆ ನನ್ನ ಕೈ ಗಂಟೆಯತ್ತ ಹೋಯಿತು. ಚೀನಾದ ಪವಿತ್ರ ಬೆಟ್ಟವೊಂದರ ಮೇಲಿನ ಪುರಾತನ ಬೌದ್ಧ ಗುಡಿ ಅದು. ಗಂಟೆ ಬಾರಿಸಲೆಂದು ಪಕ್ಕದಲ್ಲಿ ತೂಗುಹಾಕಿದ್ದ ಮರದ ದಿಮ್ಮಿಯನ್ನು ಎಳೆದು ಬಿಟ್ಟೆ. ನಾದ ಮಂಜಿನೊಳಗೆ ಇಳಿಯುತ್ತಲೇ ಹೋಯಿತು. ಸ್ವಲ್ಪ ಹೊತ್ತಿಗೆ ಬೂದು ನಿಲುವಂಗಿಯ ಭಿಕ್ಷುಗಳು ಒಬ್ಬೊಬ್ಬರಾಗಿ ಮಂಜಿನಿಂದ ಮೂಡಿಬಂದು ಸಾಲಾಗಿ ನಿಂತರು.

"ಏನ್ರೀ ಮಾಡಿದ್ರಿ? ಅದು ಈವ್ನಿಂಗ್ ಪ್ರೇಯರ್ ಬೆಲ್ ಅಂತೆ, ಗೈಡು ಹೇಳ್ತಿದಾನೆ" ಎಂದಳು ಹೆಂಡತಿ. ಆಗಿನ್ನೂ ಮಧ್ಯಾಹ್ನ.

ನಾನು ಕೈಮುಗಿದು ತಪ್ಪೊಪ್ಪಿಕೊಂಡೆ. ಹಿರಿಯ ಭಿಕ್ಷು ನಕ್ಕು ಹೇಳಿದ್ದನ್ನು ಗೈಡ್ ತಿಳಿಸಿದ: ಗಂಟೆ ಬಾರಿಸಿಯಾಯಿತಲ್ಲ, ಇವತ್ತಿಗೆ ಇದೇ ಸಂಜೆ. ಅವರು ಪ್ರಾರ್ಥನೆಗೆ ಕುಳಿತರು, ನಾವೂ ಕುಳಿತೆವು.

ನಾವು ನೆಲೆಸಿರುವ ಚಳಿದೇಶದ ಊರು ಪಿಕರಿಂಗ್‌ನ ನಮ್ಮ ಮನೆಯಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ದೀಪ ಹಚ್ಚುತ್ತಾ ಹೆಂಡತಿ ಕೇಳುತ್ತಾಳೆ, "ಮತ್ತೆ ಗಂಟೆ ಹೊಡೆದ್ರಾ?"