ಕಚ್ಚಿ ನೋಡಿದ್ದು

ನನ್ನ ಅಣ್ಣ ಶ್ರೀಮಂತನಾದದ್ದು ಹಲ್ಲಿನಿಂದ. ತಮಾಷೆಗೆ ಹೇಳುತ್ತಿಲ್ಲ. ಪತ್ರಿಕೆಯವರು ಅವನ ಬಗ್ಗೆ ಬರೆಯುವಾಗ ದೂರದೃಷ್ಟಿ, ಛಲ, ಪರಿಶ್ರಮ ಅಂತೆಲ್ಲ ಬರೆಯುತ್ತಾರೆ. ಬರೆಯಲಿ ಬಿಡಿ, ಅದು ಅವರ ಹೊಟ್ಟೆಪಾಡು. ನಾನು ಅವನ ಬೆನ್ನಿಗೆ ಬಿದ್ದ ತಂಗಿ. ಅವನು ಏನನ್ನು ಬಾಯಿಗೆ ಹಾಕಿಕೊಂಡು ಬೆಳೆದ ಅನ್ನುವುದು ನನಗೆ ಗೊತ್ತು. ರಬ್ಬರು.

ನಮ್ಮ ಅಪ್ಪ ಸೈಕಲ್ ಪಂಕ್ಚರ್ ಹಾಕುತ್ತಿದ್ದ. ವ್ಯಾಪಾರ ಇಲ್ಲದ ದಿನ ಅವನೇ ರಸ್ತೆಗೆ ಮೊಳೆ ಚೆಲ್ಲುತ್ತಾನೆ ಅಂತ ಬೀದಿಯವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಮೊಳೆ ಕೊಂಡು ಚೆಲ್ಲುವಷ್ಟು ಉದಾರಿ ಅವನಲ್ಲ. ಅಂಗಡಿ ಅಂದರೆ ಗೋಡೆಗೆ ಒರಗಿಸಿದ ಒಂದು ತಗಡು, ಅದರ ಕೆಳಗೆ ನೀರಿನ ಬಾನಿ, ಹಳೇ ಟ್ಯೂಬುಗಳ ರಾಶಿ. ಅಣ್ಣ ಸ್ಕೂಲಿನಿಂದ ಬಂದವನೇ ಆ ರಾಶಿಯ ಮೇಲೆ ಕೂತು ಒಂದು ಚೂರು ಟ್ಯೂಬನ್ನು ದವಡೆಗೆ ಇಟ್ಟುಕೊಳ್ಳುತ್ತಿದ್ದ. ಅಮ್ಮ ಬೆನ್ನಿಗೆ ಎರಡು ಬಿಟ್ಟರೂ ಉಗುಳುತ್ತಿರಲಿಲ್ಲ. ಆಮೇಲೆ ಸ್ಕೂಲು ಬಿಟ್ಟು ಒಂದು ರಬ್ಬರ್ ಕಾರ್ಖಾನೆ ಸೇರಿದ. ಅಲ್ಲಿ ಅವನ ಹುಚ್ಚಿಗೆ ಒಂದು ಅರ್ಥ ಸಿಕ್ಕಿತು. ರಬ್ಬರನ್ನು ಗಂಧಕ ಸೇರಿಸಿ ಬೇಯಿಸಬೇಕು. ಸರಿಯಾಗಿ ಬೆಂದಿದೆಯೋ ಇಲ್ಲವೋ ಅಂತ ಹೇಳಲು ಅಲ್ಲಿ ಯಂತ್ರ ಇರಲಿಲ್ಲ. ಅಣ್ಣ ಕಚ್ಚಿ ಹೇಳುತ್ತಿದ್ದ.

ಒಮ್ಮೆ ನನಗೆ ವಿವರಿಸಿದ್ದ. "ಹಸಿ ಇದ್ರೆ ಹಲ್ಲು ಸುಮ್ನೆ ಇಳಿಯತ್ತೆ ಕಣೇ, ಗುರುತು ಅಲ್ಲೇ ನಿಲ್ಲತ್ತೆ. ಬೆಂದಿದ್ರೆ ನನ್ನ ಹಲ್ಲನ್ನೇ ವಾಪಸ್ ತಳ್ಳತ್ತೆ. ಆ ತಳ್ಳೋದು ಹಲ್ಲಿನ ಬುಡಕ್ಕೆ ಗೊತ್ತಾಗತ್ತೆ."

ಮದುವೆಯಾದ ಮೇಲೆ ಕಾರ್ಖಾನೆಯವರು ಗುಜರಿಗೆ ಹಾಕಿದ್ದ ಒಂದು ಕೈ ಪ್ರೆಸ್ಸನ್ನು ತಂದು ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ. ಪ್ರೆಶರ್ ಕುಕ್ಕರಿನ ಮುಚ್ಚಳಕ್ಕೆ ಹಾಕುವ ಗ್ಯಾಸ್ಕೆಟ್ ಮಾಡುವುದು ಅಂತ ತೀರ್ಮಾನ. ಕೆಲಸಗಾರರು ಇಬ್ಬರು: ಅವನು ಮತ್ತು ಅತ್ತಿಗೆ. ಅತ್ತಿಗೆ ಕುಳ್ಳು. ಪ್ರೆಸ್ಸಿನ ಚಕ್ರ ಎಟುಕದೆ ಒಂದು ಹಲಗೆಯ ಮೇಲೆ ನಿಂತು ತಿರುಗಿಸುತ್ತಿದ್ದರು. ಬಿಸಿ ಅಚ್ಚಿನಿಂದ ಗ್ಯಾಸ್ಕೆಟ್ ಕಿತ್ತು ತೆಗೆಯುತ್ತಿದ್ದವರೂ ಅವರೇ. ಮುಂಗೈ ತುಂಬ ಕಂದು ಕಲೆಗಳು. ಅಣ್ಣ ಕಚ್ಚಿ, ತಲೆಯಾಡಿಸಿ, ಪಕ್ಕಕ್ಕೆ ಎಸೆಯುತ್ತಿದ್ದ. "ಕಷ್ಟದ ಕೆಲಸ ಎಲ್ಲಾ ನಿಮ್ಮಣ್ಣನೇ ಮಾಡೋದು ನೋಡು," ಅಂತ ಅತ್ತಿಗೆ ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರು.

ಅತ್ತಿಗೆಯ ಒಂದು ಕಟ್ಟಳೆ ಇತ್ತು. ಪ್ರತಿ ಬ್ಯಾಚಿನ ಮೊದಲ ಗ್ಯಾಸ್ಕೆಟ್ ತಮ್ಮ ಕುಕ್ಕರಿಗೇ ಹಾಕಬೇಕು. ಒಂದಷ್ಟು ದಿನ ಅದರಲ್ಲೇ ಬೇಯಿಸಿ, ಆವಿ ಸೋರದಿದ್ದರೆ ಮಾತ್ರ ಉಳಿದದ್ದು ಅಂಗಡಿಗೆ. ಒಂದು ಸಲ ಅಣ್ಣನಿಗೆ ಕೆನ್ನೆ ಊದಿಕೊಂಡು ಹಲ್ಲುನೋವು. ಕಚ್ಚಲಾಗಲಿಲ್ಲ, ಕಚ್ಚದೇ ಮೂಟೆ ಕಟ್ಟಿದ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಅದೇ ಬ್ಯಾಚಿನ ಗ್ಯಾಸ್ಕೆಟ್ ಹಾಕಿದ್ದ ಕುಕ್ಕರಿನ ಪಕ್ಕದಿಂದ ಆವಿ ಬುಸ್ ಅಂದಿತ್ತು. ಮಾಲು ಒಯ್ಯಲು ಬಂದ ಅಂಗಡಿಯವನು ಬಾಗಿಲಲ್ಲಿ, ಕಾಸಿಲ್ಲದೆ ಮನೆಯಲ್ಲಿ ಬರೀ ಗಂಜಿ. ಅತ್ತಿಗೆ ಹೋಗಿ ಮೂಟೆಯ ಮೇಲೆ ಕೂತುಬಿಟ್ಟರು.

"ಮೊದ್ಲು ನನ್ನನ್ನ ಎತ್ತಿ, ಆಮೇಲೆ ಮೂಟೆ ಎತ್ತಿ," ಅಂದರು.

ಅಣ್ಣ ಸಿಟ್ಟು ಮಾಡಿದ, ಗೊಣಗಿದ, ಕೊನೆಗೆ ನಕ್ಕ. ಕತ್ತರಿ ತಂದು ಒಂದೊಂದನ್ನೇ ಕತ್ತರಿಸಿ ಹಾಕಿದ. ಅವತ್ತು ಅವರಿಬ್ಬರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ಒಳ್ಳೆಯ ಹೊಟ್ಟೆಕಿಚ್ಚು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಶೆಡ್ಡು ಹೋಗಿ ಕಾರ್ಖಾನೆ ಬಂತು, ಒಂದು ಹೋಗಿ ಹತ್ತಾಯಿತು. ಪಂಪಿನ ರಬ್ಬರು, ಫ್ರಿಜ್ಜಿನ ಬಾಗಿಲಿನ ರಬ್ಬರು, ಕಾರಿನ ಗಾಜಿನ ರಬ್ಬರು, ಔಷಧಿ ಬಾಟಲಿಯ ಬಿರಡೆ. ದೇಶದ ದೊಡ್ಡ ಕುಳಗಳ ಪಟ್ಟಿಯಲ್ಲಿ ಪಂಕ್ಚರ್ ಅಂಗಡಿಯವನ ಮಗನ ಹೆಸರು ಬಂತು. ಸಾವಿರಾರು ಕೋಟಿ ಅಂದರು. ನನ್ನ ಟೈಲರ್ ಅಂಗಡಿಯಲ್ಲಿ ಕೂತು ಅದನ್ನು ಓದಿ, ಅಷ್ಟು ಸೊನ್ನೆ ಬಿಡಿಸಲು ಒಂದು ಬಳಪ ಸಾಲದು ಅಂದುಕೊಂಡೆ. ಇಷ್ಟಾದರೂ ಅವನು ಕುಕ್ಕರ್ ಗ್ಯಾಸ್ಕೆಟ್ ಬಿಡಲಿಲ್ಲ. ಪ್ರತಿ ಬ್ಯಾಚಿನ ಮಾದರಿ ಸ್ಟೀಲ್ ತಟ್ಟೆಯಲ್ಲಿ ಅವನ ಮೇಜಿಗೆ ಬರಬೇಕು, ಅವನು ಕಚ್ಚಬೇಕು, ಆಮೇಲೆ ಲಾರಿ ಹೊರಡಬೇಕು. ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದ್ದ: 'ಕಚ್ಚಿ ನೋಡಿದ್ದು'. ಕೆಲಸಗಾರರು ಬೆನ್ನ ಹಿಂದೆ ಅವನನ್ನು ಕಚ್ಚಪ್ಪ ಅನ್ನುತ್ತಿದ್ದರು. ಅವನಿಗೂ ಗೊತ್ತಿತ್ತು, ಒಳಗೊಳಗೇ ಖುಷಿಪಡುತ್ತಿದ್ದ.

ಅತ್ತಿಗೆಯ ಕಟ್ಟಳೆಯೂ ಉಳಿದಿತ್ತು, ಹೆಸರಿಗೆ. ಮೊದಲ ಗ್ಯಾಸ್ಕೆಟ್ ಒಂದು ಚೆಂದದ ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು. ಉಳಿದದ್ದು ಅದೇ ಸಂಜೆ ಲಾರಿ ಹತ್ತುತ್ತಿತ್ತು. ಅಡುಗೆಯವರು ಮೂವರಿದ್ದರೂ ಕುಕ್ಕರ್ ಮಾತ್ರ ಅತ್ತಿಗೆಯೇ ಇಡುತ್ತಿದ್ದರು. ಬಟ್ಟೆ ಹೊಲಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದಾಗ ಒಮ್ಮೆ ಕೇಳಿದರು: "ಈಗ ನಾನು ಇದು ಸೋರತ್ತೆ ಅಂದ್ರೆ ಯಾರ ಮೂಟೆ ಮೇಲೆ ಹೋಗಿ ಕೂರ್ಲಿ, ಹೇಳು?"

ಅಷ್ಟರಲ್ಲಿ ಅಣ್ಣನ ಹಲ್ಲು ಹೋದವು. ವಸಡು ಕೊಳೆತು ಒಂದೊಂದಾಗಿ ಅಲ್ಲಾಡಿ, ಡಾಕ್ಟರು ಎಲ್ಲವನ್ನೂ ಕಿತ್ತರು. ಯಂತ್ರ ನೋಡಲು ವಿದೇಶಕ್ಕೆ ಹೋಗಿದ್ದಾನೆ ಅಂತ ಆಫೀಸಿಗೆ ಹೇಳಿಸಿ, ಮಹಡಿ ಕೋಣೆಯಲ್ಲಿ ಗಂಜಿ ಕುಡಿದುಕೊಂಡು ಬಿದ್ದಿದ್ದ. ಹಲ್ಲು ಕಟ್ಟಿಸಿಕೊಂಡು ಹೊರಗೆ ಬಂದ. ಬೆಳ್ಳಗೆ ಸಾಲಾಗಿ ಫಳಫಳ ಹೊಳೆಯುವ ಹಲ್ಲು. ಕುರುಡನಿಗೂ ಕಾಣುವಂತಿತ್ತು. ಆದರೆ ಒಬ್ಬರೂ ತುಟಿಪಿಟಿಕ್ಕೆನ್ನಲಿಲ್ಲ. ಮೇಜಿಗೆ ತಟ್ಟೆ ಬಂತು, ಅವನು ಕಚ್ಚಿದ, ತಲೆಯಾಡಿಸಿದ, ಲಾರಿ ಹೊರಟಿತು. ಅಷ್ಟೊಂದು ಓದಿದ ಜನ ಆ ಕೋಣೆಯಲ್ಲಿ ಕೂತು ಕಟ್ಟಿಸಿದ ಹಲ್ಲಿನ ತೀರ್ಪಿಗೆ ಕಾಯುತ್ತಿದ್ದರು ಅನ್ನುವುದು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಹೇಳಿದೆ. ನನಗೇನು ಅವನು ಸಂಬಳ ಕೊಡುತ್ತಿರಲಿಲ್ಲ. "ಅಣ್ಣಾ, ಹಲ್ಲು ಚೆನ್ನಾಗಿ ಕೂತಿದೆ. ಆದ್ರೆ ಅದ್ರಲ್ಲಿ ರಬ್ಬರು ಕಚ್ಬೇಡ. ಅದಕ್ಕೂ ನಮ್ಮನೆ ಇಕ್ಕಳಕ್ಕೂ ಏನು ವ್ಯತ್ಯಾಸ? ಅದಕ್ಕೆ ಬುಡ ಎಲ್ಲಿದೆ?"

ಅವನ ಮುಖ ಕಪ್ಪಿಟ್ಟಿತು. ಬೈಯುತ್ತಾನೆ ಅಂದುಕೊಂಡೆ. ಮೆಲ್ಲಗೆ ಮಾತಾಡಿದ. "ಆ ಮೇಜಿನ ಸುತ್ತ ಕೂರೋರೆಲ್ಲಾ ಓದಿದೋರು. ಅವರ ಮಾತು ಅರ್ಧ ನನಗೆ ತಿಳಿಯಲ್ಲ. ಕಚ್ಚೋದೂ ಬರಲ್ಲ ಅಂದ್ಬಿಟ್ರೆ, ನಾನು ಯಾರು ಅಂತ ಆ ಕುರ್ಚೀಲಿ ಕೂತ್ಕೊಳ್ಲಿ?"

ಆಮೇಲೆ ಬಹಳ ಕಾಲ ನನ್ನ ಜೊತೆ ಮಾತು ಬಿಟ್ಟ. ನನಗೆ ಅವನ ಮೇಲೆ ಕನಿಕರವೂ ಬಂದಿತ್ತು, ಕೋಪವೂ ಇತ್ತು. ಕೋಪವೇ ಒಂದು ಕೈ ಹೆಚ್ಚು.

ನಡೆದದ್ದನ್ನು ಆಮೇಲೆ ಲ್ಯಾಬಿನ ಮುಖ್ಯಸ್ಥೆ ನನಗೆ ಹೇಳಿದಳು. ಒಂದು ಪ್ರೆಸ್ಸಿನ ಹೀಟರ್ ಕೆಟ್ಟು ಒಂದು ಇಡೀ ಬ್ಯಾಚು ಅರೆಬೆಂದಿತ್ತು. ಲ್ಯಾಬಿನ ಪರೀಕ್ಷೆಯಲ್ಲಿ ಅದು ಸಿಕ್ಕಿಬಿತ್ತು. ಅವಳು ತಟ್ಟೆ ಹಿಡಿದುಕೊಂಡು ಹೋಗಿ ಅಣ್ಣನ ಎದುರು ನಿಂತಳು. ಅವನು ಕಚ್ಚಿದ. "ಬೆಂದಿದೆ. ಕಳ್ಸಿ," ಅಂದ.

"ಸರ್, ಯಂತ್ರ ಹಾಗೆ ಹೇಳ್ತಿಲ್ಲ."

"ಯಂತ್ರಕ್ಕೆ ಹಲ್ಲಿದೆಯೇನಮ್ಮಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ. ಅವಳು ತಟ್ಟೆ ಎತ್ತಿಕೊಂಡು ಹೊರಗೆ ಬಂದಳು. ಲಾರಿಗಳು ಹೊರಟವು. ಒಂದು ಗ್ಯಾಸ್ಕೆಟ್ ಡಬ್ಬಿಯಲ್ಲಿ ಕೂತು ಮನೆಗೆ ಬಂತು.

ಕೆಲವು ದಿನಗಳ ಮೇಲೆ, ಅತ್ತಿಗೆ ಕರೆದರು ಅಂತ ನಾನು ಅವರ ಮನೆಯ ಹಾಲಿನಲ್ಲಿ ಪರದೆಗೆ ಅಳತೆ ತೆಗೆಯುತ್ತಿದ್ದೆ. ಅಡುಗೆಮನೆಯಲ್ಲಿ ಕುಕ್ಕರು ಕೂಗುವ ಬದಲು ಹೊಸ ಬಟ್ಟೆ ಹರಿದಂಥ ಸದ್ದಾಯಿತು. ಆಮೇಲೆ ಅತ್ತಿಗೆಯ ಕೂಗು. ಓಡಿದೆ. ಮುಚ್ಚಳದ ಅಂಚಿನಿಂದ ರಬ್ಬರು ನಾಲಿಗೆಯಂತೆ ಹೊರಗೆ ಬಂದಿತ್ತು, ಅಲ್ಲಿಂದ ಆವಿ ನೇರ ಅವರ ಮುಖಕ್ಕೆ ಹೊಡೆದಿತ್ತು. ಎಡಗೆನ್ನೆ, ಎಡಗಣ್ಣು, ಕುತ್ತಿಗೆ. ಆ ನೋವಿನಲ್ಲೂ ಅವರು ಕೈಯಾಡಿಸಿ ತಡಕಿ ಒಲೆ ಆರಿಸಿದ್ದರು.

ಆಸ್ಪತ್ರೆಗೆ ಅಣ್ಣ ಓಡಿ ಬಂದ. ಚಪ್ಪಲಿ ಕೂಡ ಹಾಕಿರಲಿಲ್ಲ. ಅತ್ತಿಗೆಯ ಮುಖಕ್ಕೆ ಪಟ್ಟಿ ಸುತ್ತುತ್ತಿದ್ದ ಡಾಕ್ಟರು, "ಹೇಗಾಯ್ತಮ್ಮಾ?" ಅಂದರು. ಅತ್ತಿಗೆ ಬಲಗಣ್ಣು ತೆರೆದು ಅಣ್ಣನನ್ನೇ ನೋಡಿದರು.

"ನಾನೇ ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ."

ಅಣ್ಣ ಡಾಕ್ಟರ ಕಡೆ ತಿರುಗಿದ. ಆಮೇಲೆ, "ಹೌದು ಡಾಕ್ಟ್ರೇ. ಇತ್ತೀಚೆಗೆ ಇವಳಿಗೆ ಸ್ವಲ್ಪ ಮರೆವು," ಅಂದ. ಅತ್ತಿಗೆ ಕಣ್ಣು ಮುಚ್ಚಿಕೊಂಡರು.

ನಾನು ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಹೊರಗಿನ ಬೆಂಚಿನಲ್ಲಿ ಲ್ಯಾಬಿನವಳು ಕೂತಿದ್ದಳು. ಸುದ್ದಿ ತಿಳಿದವಳೇ ಎರಡು ಗ್ಯಾಸ್ಕೆಟ್ ಚೀಲಕ್ಕೆ ಹಾಕಿಕೊಂಡು ಬಂದು, ನಡೆದದ್ದನ್ನೆಲ್ಲ ಆಗಲೇ ನನಗೆ ಹೇಳಿದ್ದಳು. ಒಂದು ಕೆಟ್ಟ ಬ್ಯಾಚಿನದು, ಇನ್ನೊಂದು ಚೆನ್ನಾಗಿ ಬೆಂದದ್ದು.

"ನಾಚಿಕೆ ಆಗಲ್ವಾ ನಿನಗೆ?" ಅಂದೆ. "ಇದೇ ರಬ್ಬರು ಈಗ ಎಷ್ಟು ಜನರ ಒಲೆ ಮೇಲಿದೆಯೋ. ವಾಪಸ್ ತರ್ಸು, ಇವತ್ತೇ."

"ವಕೀಲರು ಫೋನಲ್ಲಿ ಆತುರ ಬೇಡ ಅಂದಿದಾರೆ. ನಾನೇ ಕಚ್ಚಿ ನೋಡಿದೀನಿ. ಅದು ಬೆಂದಿತ್ತು ಕಣೇ."

ನಾನು ಲ್ಯಾಬಿನವಳ ಕೈಯಿಂದ ಎರಡನ್ನೂ ಇಸಿದುಕೊಂಡೆ. "ಸರಿ. ಕಣ್ಮುಚ್ಚು. ಬೆಂದಿರೋದು ಯಾವ್ದು ಹೇಳು. ಸರಿಯಾಗಿ ಹೇಳಿದ್ರೆ ನಾನು ಇನ್ನು ಬಾಯಿ ಬಿಡಲ್ಲ."

ಅವನಿಗೆ ಹಟ. ಕಣ್ಣು ಮುಚ್ಚಿದ. ಒಂದನ್ನು ಕಚ್ಚಿದ, ಇನ್ನೊಂದನ್ನು ಕಚ್ಚಿದ. ಎಡ ದವಡೆಯಿಂದ ಬಲಕ್ಕೆ ಬದಲಾಯಿಸಿದ. ಮತ್ತೆ ಮೊದಲಿನದು. ಹಣೆಯಲ್ಲಿ ಬೆವರು ಮೂಡಿತು. ಅಪ್ಪನ ಅಂಗಡಿಯ ಟ್ಯೂಬಿನ ರಾಶಿಯ ಮೇಲೆ ಕೂತಿದ್ದ ಹುಡುಗನೇ ನನ್ನ ಕಣ್ಣಿಗೆ ಕಂಡ. ಇವನಿಗೆ ಗೊತ್ತಾಗಿಬಿಡಲಿ ಅಂತ ನನಗೇ ಒಂದು ಕ್ಷಣ ಅನ್ನಿಸಿತು.

"ಇದು," ಅಂತ ಒಂದನ್ನು ಎತ್ತಿ ಹಿಡಿದ.

ಲ್ಯಾಬಿನವಳು ತಲೆ ತಗ್ಗಿಸಿದಳು. "ಕಣ್ಬಿಡು," ಅಂದೆ. ಅವನು ಎತ್ತಿ ಹಿಡಿದ ರಬ್ಬರಿನಲ್ಲಿ ಹಲ್ಲಿನ ಗುರುತು ಹಾಗೇ ನಿಂತಿತ್ತು. ಓರೆಕೋರೆ ಇಲ್ಲದೆ ಎಲ್ಲ ಹಲ್ಲೂ ಒಂದೇ ಸಮ. ಅವನು ಅದನ್ನು ಹೆಬ್ಬೆರಳಿನಿಂದ ಉಜ್ಜಿದ. ಮತ್ತೆ ಉಜ್ಜಿದ. ಹೋಗಲಿಲ್ಲ.

ಬೆಂಚಿನ ಮೇಲೆ ಕೂತ. ಫೋನು ತೆಗೆದ. "ಎಲ್ಲಾ ವಾಪಸ್ ತರ್ಸಿ. ಟಿವಿ, ಪೇಪರು ಎಲ್ಲದಕ್ಕೂ ಹೇಳಿ," ಅಂದ. ಆ ಕಡೆಯವರು ಕಾರಣ ಕೇಳಿರಬೇಕು. "ಮಾಲೀಕನಿಗೆ ಹಲ್ಲಿಲ್ಲ ಅಂತ ಬರೀರಿ."

ಬರೆದರು. ಊರೆಲ್ಲ ನಕ್ಕಿತು. ಷೇರು ನೆಲಕಚ್ಚಿತು, ಪೊಟ್ಟಣದ ಮೇಲಿನ ಮಾತು ಹೋಯಿತು, ಅಣ್ಣ ಕುರ್ಚಿ ಬಿಟ್ಟ. ಅಷ್ಟರಲ್ಲೇ ಬೇರೆ ಕಡೆ ಇಬ್ಬರು ಹೆಂಗಸರಿಗೆ ಕೈ ಸುಟ್ಟಿತ್ತು. ಅವನು ಅವರ ಮನೆಗಳಿಗೆ ತಾನೇ ಹೋಗಿ ಬಂದ. ಒಂದು ಮನೆಯವರು ಬಾಗಿಲು ತೆಗೆಯಲಿಲ್ಲವಂತೆ. ಅತ್ತಿಗೆಯ ಎಡಗಣ್ಣಿಗೆ ಮತ್ತೆ ದೃಷ್ಟಿ ಬರಲಿಲ್ಲ.

ಈಗ ಆ ಮನೆಯಲ್ಲಿ ಕುಕ್ಕರ್ ಇಡುವವನು ಅಣ್ಣ. ಅತ್ತಿಗೆಯನ್ನು ಒಲೆಯ ಹತ್ತಿರ ಸುಳಿಯಗೊಡುವುದಿಲ್ಲ. ಹಲ್ಲು ಒಂದು ಲೋಟದಲ್ಲಿ ಬಿದ್ದಿರುತ್ತದೆ. ಬೊಚ್ಚು ಬಾಯಲ್ಲಿ ಗೊಣಗುತ್ತ ಒಲೆಯ ಮುಂದೆ ನಿಂತಿರುತ್ತಾನೆ. ನೋಡಿದರೆ ನಗು ಬರಬೇಕು. ನನಗೆ ಬರುವುದಿಲ್ಲ.

ಮೊನ್ನೆ ನಾನು ಹೋದಾಗ ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು ಅತ್ತಿಗೆಯ ಕಣ್ಣಿನ ಬಗ್ಗೆ ಕೇಳುತ್ತಿದ್ದಳು. ಅತ್ತಿಗೆ ಎಂದಿನಂತೆ ಹೇಳಿದರು: "ನಾನೇ ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ." ಅವಳು ಹೋದಮೇಲೆ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಯಾಕೆ ಇನ್ನೂ ಹಾಗೆ ಹೇಳ್ತೀಯಾ? ತಪ್ಪು ನಂದು ಅಂತ ಊರಿಗೆಲ್ಲಾ ಹೇಳಿದೀನಲ್ಲ."

"ಊರಿಗೆ ಹೇಳಿದ್ರಿ," ಅಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಡಾಕ್ಟ್ರ ಮುಂದೆ ನಾನು ಹಾಗಂದಾಗ, ನೀವು 'ಅಲ್ಲ' ಅಂತೀರಿ ಅಂದ್ಕೊಂಡಿದ್ದೆ ರೀ."

ಅಣ್ಣ ಬಾಯಿ ತೆರೆದ. ಅಷ್ಟರಲ್ಲಿ ಒಳಗೆ ಕುಕ್ಕರು ಕೂಗಿತು. ಅತ್ತಿಗೆ ಬೆಚ್ಚಿಬಿದ್ದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವನು ಓಡಿ ಹೋಗಿ ಒಲೆ ಆರಿಸಿದ.